ಬೀದಿ ಗಿಡಗಳ ಸುತ್ತಳತೆ ಹೋದ ವರ್ಷಕ್ಕಿಂತ ಕಡಿಮೆ ಬಂದಿದೆ: ಅಳತೆ ತಪ್ಪಿತೋ, ಗಿಡ ಸೊರಗಿತೋ?

ನವನಗರ ಸಾಲುಗಿಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ನಡುವಿನ ನಮ್ಮ ಬಡಾವಣೆಯ ನಾಲ್ಕು ರಸ್ತೆಗಳಲ್ಲಿ ಒಟ್ಟು 86 ಗಿಡಗಳಿವೆ. ಟಬೆಬುಯಾ ರೋಸಿಯಾ 30, ಹೊಂಗೆ 24, ಕಕ್ಕೆ 14, ಹೊಳೆದಾಸವಾಳ 10, ಹಳೆಯ ಗುಲ್‌ಮೊಹರ್ 8. ಗುಲ್‌ಮೊಹರ್ ಬಿಟ್ಟು ಉಳಿದವನ್ನು ನೆಟ್ಟು ನಾಲ್ಕು ವರ್ಷವಾಯಿತು. ಹೋದ ಸೆಪ್ಟೆಂಬರ್‌ನಲ್ಲಿ ಎಲ್ಲವುಗಳ ಎದೆಮಟ್ಟದ ಸುತ್ತಳತೆ ತೆಗೆದು ವಹಿಯಲ್ಲಿ ಬರೆದಿಟ್ಟಿದೆ. ಈ ಏಪ್ರಿಲ್‌ನಲ್ಲಿ ಬೇರೆಯವರು ಅಳೆದರು. 19 ಗಿಡಗಳಲ್ಲಿ ಅಳತೆ ಇಳಿದಿದೆ. ಒಂದು ಟಬೆಬುಯಾ 24.5 ಸೆಂ.ಮೀ. ಇದ್ದದ್ದು 23.8ಕ್ಕೆ ಬಂದಿದೆ.

ಗಿಡದ ಕಾಂಡ ನಿಜವಾಗಿಯೂ ಸಣ್ಣದಾಗುತ್ತದೆಯೇ? ಇದು ರೋಗದ ಲಕ್ಷಣವೇ? ವರ್ಷಕ್ಕೆ ಎಷ್ಟು ಸಲ, ಏನೇನು ಅಳೆಯಬೇಕು? ‘ಗಿಡ ಚೆನ್ನಾಗಿದೆ’, ‘ಸುಮಾರಾಗಿದೆ’ ಎಂದು ಬರೆದ ಕಾಲಂ ಇದೆ. ಅದನ್ನು ಓದಿದರೆ ಏನೂ ತಿಳಿಯುತ್ತಿಲ್ಲ. ಆ ಮಾತಿನ ಬದಲು ಅಂಕಿ ಹಾಕುವುದು ಹೇಗೆ? ಕೈಯಲ್ಲಿರುವುದು ದರ್ಜಿಯವರ ಟೇಪು, ಒಂದು ಮೊಬೈಲು, ಭಾನುವಾರ ಬರುವ ನಾಲ್ಕು ಜನ, ಇಷ್ಟೇ.

ಟೇಪು-ಗೆರೆ

19ರಲ್ಲಿ ಬಹುಪಾಲು ಗಿಡಗಳಲ್ಲಿ ಅಳತೆಯ ಜಾಗ ಜರುಗಿದೆ. ಉಳಿದದ್ದು ಕಾಲದ ಆಟ. ರೋಗದ ಮಾತು ಆಮೇಲೆ.

ಮೊದಲು ಜಾಗದ ವಿಚಾರ. ಎದೆಮಟ್ಟ ಅಂದರೆ ಅಳೆಯುವವರ ಎದೆಯಲ್ಲ. ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅದು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಐದಡಿಯವರು ಒಮ್ಮೆ, ಆರಡಿಯವರು ಒಮ್ಮೆ ಅಂದಾಜಿನಿಂದ ಅಳೆದರೆ ಟೇಪು ಹತ್ತು-ಹದಿನೈದು ಸೆಂ.ಮೀ. ಮೇಲೆ-ಕೆಳಗೆ ಆಗುವುದು ಖಚಿತ. ಎಳೆ ಗಿಡದ ಕಾಂಡ ಮೇಲಕ್ಕೆ ಹೋದಂತೆ ಸಪೂರವಾಗುತ್ತದೆ. ಮೀಟರಿಗೆ 1 ಸೆಂ.ಮೀ. ವ್ಯಾಸ ಇಳಿಯುವ ಕಾಂಡದಲ್ಲಿ ಟೇಪು 10 ಸೆಂ.ಮೀ. ಮೇಲೆ ಹೋದರೆ ಸುತ್ತಳತೆ 3 ಮಿ.ಮೀ. ಕಡಿಮೆ ಬರುತ್ತದೆ.

ಎರಡನೆಯದು ಓರೆ. ಟೇಪನ್ನು ನೇರ ಅಡ್ಡ ಸುತ್ತದೆ ಸ್ವಲ್ಪ ಓರೆಯಾಗಿ ಸುತ್ತಿದರೆ ಅಳತೆ ಯಾವಾಗಲೂ ಹೆಚ್ಚೇ ಬರುತ್ತದೆ, ಕಡಿಮೆ ಎಂದೂ ಬರುವುದಿಲ್ಲ. ನಿಮ್ಮ ಟಬೆಬುಯಾವನ್ನೇ ಲೆಕ್ಕ ಹಾಕಿ: ಟೇಪಿನ ಒಂದು ಬದಿ ಇನ್ನೊಂದಕ್ಕಿಂತ ಎರಡೂವರೆ ಸೆಂ.ಮೀ. ಮೇಲಿದ್ದರೆ 23.8 ಇರುವ ಕಾಂಡ ಸುಮಾರು 24.5 ತೋರಿಸುತ್ತದೆ. ನಿಮ್ಮ ಕಳೆದುಹೋದ 7 ಮಿ.ಮೀ. ಅಲ್ಲೇ ಸಿಕ್ಕಿತು! ಸೆಪ್ಟೆಂಬರ್‌ನ ಅಳತೆಯೇ ಉಬ್ಬಿದ್ದಿರಬಹುದು.

ಮೂರನೆಯದು ಕಾಲ. ಕಾಂಡ ನಿಜವಾಗಿಯೂ ಸ್ವಲ್ಪ ಕುಗ್ಗುತ್ತದೆ, ಅದು ಸುಳ್ಳಲ್ಲ. ಮಳೆಗಾಲದಲ್ಲಿ ತೊಗಟೆ ಮತ್ತು ಅದರ ಒಳಪದರ ನೀರು ಹೀರಿ ಉಬ್ಬಿರುತ್ತವೆ, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ಗಿಡದಲ್ಲಿ ಅವೇ ಬಿಗಿದುಕೊಳ್ಳುತ್ತವೆ. ಹೊಳೆದಾಸವಾಳಕ್ಕೆ ಇನ್ನೊಂದು ಕಾರಣವೂ ಉಂಟು, ಅದರ ತೊಗಟೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಾಗಾಗಿ ಸೆಪ್ಟೆಂಬರ್ ಅಳತೆಯನ್ನು ಏಪ್ರಿಲ್ ಅಳತೆಗೆ ಹೋಲಿಸುವ ಹಾಗಿಲ್ಲ. ಏಪ್ರಿಲ್‌ನ ಪುಟವನ್ನು ಬದಿಗಿಟ್ಟು, ಬರುವ ಸೆಪ್ಟೆಂಬರ್‌ನಲ್ಲಿ, ಎರಡು ದಿನ ಮಳೆ ಬಿಟ್ಟ ಮೇಲೆ, ಬೆಳಗಿನ ಹೊತ್ತು ಅಳೆಯಿರಿ. ವರ್ಷಕ್ಕೊಂದು ಸಲ ಸಾಕು.

ಅಳೆಯುವ ಬಗೆ ಹೀಗೆ. ಒಂದು ಇಂಚಿನ ಪಿವಿಸಿ ಪೈಪನ್ನು ಸರಿಯಾಗಿ 137 ಸೆಂ.ಮೀ.ಗೆ ಕತ್ತರಿಸಿ ಇಟ್ಟುಕೊಳ್ಳಿ. ಗಿಡದ ಬುಡದ ಕಸ, ಒಣ ಎಲೆ ಸರಿಸಿ, ಗಟ್ಟಿ ನೆಲಕ್ಕೆ ಪೈಪು ಊರಿ, ಅದರ ತುದಿ ತಾಗಿದಲ್ಲಿ ಎನಾಮಲ್ ಬಣ್ಣದಿಂದ ಮೂರು ಸೆಂ.ಮೀ. ಉದ್ದದ ಸಣ್ಣ ಅಡ್ಡಗೆರೆ ಎಳೆಯಿರಿ. ಟೇಪಿನ ಮೇಲಂಚು ಗೆರೆಗೆ ತಾಗಬೇಕು. ಮುಂದಿನ ವರ್ಷದಿಂದ ಪೈಪು ಬೇಡ, ಗೆರೆಯೇ ಆಧಾರ. ಯಾಕೆಂದರೆ ನೆಲ ಏರುತ್ತದೆ. ಪಾತಿಗೆ ಗೊಬ್ಬರ ಸುರಿದರೂ ಏರುತ್ತದೆ, ಹೊಸ ಪೇವರ್ ಹಾಸಿದರೂ ಏರುತ್ತದೆ. ಪ್ರತಿ ಸಲ ಹೊಸದಾಗಿ 137 ಅಳೆದರೆ ಗೊತ್ತಿಲ್ಲದೆ ಗೆರೆ ಮೇಲೆ ಹತ್ತುತ್ತ ಹೋಗುತ್ತದೆ. ಗೆರೆಯ ಜಾಗದಲ್ಲಿ ಮೊಳೆ ಹೊಡೆಯಬೇಡಿ, ಮೊಳೆ ಸುತ್ತ ಕಾಂಡ ಊದಿಕೊಂಡು ಅಳತೆ ಕೆಡುತ್ತದೆ.

ದರ್ಜಿ ಟೇಪು ಎಳೆದಂತೆ ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಟೇಪು ತೆಗೆದುಕೊಳ್ಳಿ. ಪ್ರತಿ ಗಿಡಕ್ಕೆ ಎರಡು ಸಲ ಸುತ್ತಿ ಓದಿ. ಎರಡರ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ. ವ್ಯಾಸ ಬೇಕಾದರೆ ಸುತ್ತಳತೆಯನ್ನು 3.14ರಿಂದ ಭಾಗಿಸಿ, ಆದರೆ ವಹಿಯಲ್ಲಿ ಸುತ್ತಳತೆಯನ್ನೇ ಬರೆಯಿರಿ. ಕೆಲವರು ವ್ಯಾಸ, ಕೆಲವರು ಸುತ್ತಳತೆ ಬರೆದಿಟ್ಟ ವಹಿಯನ್ನು ಬಿಡಿಸುವುದರಷ್ಟು ತಲೆನೋವಿನ ಕೆಲಸ ಇನ್ನೊಂದಿಲ್ಲ.

ವಾಲಿದ ಗಿಡಕ್ಕೆ 137ನ್ನು ಕಾಂಡದ ಗುಂಟ ಅಳೆಯಬೇಕು, ಟೇಪು ಕಾಂಡಕ್ಕೆ ಅಡ್ಡವಾಗಿರಬೇಕು. ಇಳಿಜಾರಿನಲ್ಲಿ ಮೇಲ್ಬದಿಯ ನೆಲದಿಂದ ಹಿಡಿಯಬೇಕು. 137ರ ಕೆಳಗೇ ಕವಲೊಡೆದ ಹೊಂಗೆಗಳು ಖಂಡಿತ ಇರುತ್ತವೆ. ಅಂಥಲ್ಲಿ ಪ್ರತಿ ಕವಲನ್ನೂ ಅಳೆದು, ಒಂದೊಂದರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. 30 ಮತ್ತು 40 ಸೆಂ.ಮೀ.ನ ಎರಡು ಕವಲಿದ್ದರೆ 900 ಕೂಡಿಸು 1600, ಒಟ್ಟು 2500, ಅದರ ಮೂಲ 50. ಸುಮ್ಮನೆ ಕೂಡಿಸಿ 70 ಎಂದು ಬರೆದರೆ ಗಿಡ ಇಲ್ಲದ ಮೈ ತುಂಬಿಕೊಳ್ಳುತ್ತದೆ.

ಎತ್ತರ ಬೇಕೇ ಬೇಕೆಂದೇನಿಲ್ಲ. ಮೂರು ವರ್ಷಕ್ಕೊಮ್ಮೆ ಸಾಕು. ಮೊಬೈಲಿನ ಕೋನ ಅಳೆಯುವ ಆ್ಯಪ್ ಹಿಡಿದು ಗಿಡದಿಂದ 12 ಮೀಟರ್ ದೂರ ನಿಂತು ತುದಿ ನೋಡಿದಾಗ 35 ಡಿಗ್ರಿ ಬಂತೆನ್ನಿ. 12ನ್ನು 0.70ರಿಂದ ಗುಣಿಸಿದರೆ 8.4, ಅದಕ್ಕೆ ಕಣ್ಣಿನ ಎತ್ತರ 1.5 ಕೂಡಿಸಿದರೆ 9.9 ಮೀಟರ್. ಗಿಡದ ಎತ್ತರಕ್ಕಿಂತ ಹತ್ತಿರ ನಿಂತು ನೋಡಿದರೆ ತಪ್ಪು ದೊಡ್ಡದಾಗುತ್ತದೆ. ಕಣ್ಣಿಗೆ ತುದಿಯಂತೆ ಕಾಣುವುದು ಎಷ್ಟೋ ಸಲ ನಮ್ಮತ್ತ ಬಾಗಿದ ಟೊಂಗೆ.

ಮಸಾರಿ-ಎರಿ

ಟೇಪಿನ ಮಾತು ಖರೇ. ಆದ್ರ ಅಕ್ಕಾರ, ನಾಕು ವರ್ಷದ ಗಿಡಕ್ಕ ಬರೇ ಎದಿಮಟ್ಟ ಅಳದ್ರ ಸಾಲೂದಿಲ್ಲ. ನೆಲದಿಂದ 15 ಸೆಂ.ಮೀ. ಮ್ಯಾಲ ಇನ್ನೊಂದು ಅಳತಿ ತಗೀರಿ. ಎಳೀ ಗಿಡದ ಹಕೀಕತ್ತು ಬುಡದಾಗ ಮೊದಲ ಗೊತ್ತಾಗ್ತೈತಿ. ಬುಡ ದಪ್ಪ ಆಗಲಾರದ ತುದಿ ಅಷ್ಟ ಎತ್ತರಕ್ಕ ಹೋಗಾಕತ್ತಿದ್ರ ಒಂದೋ ನೆಳ್ಳು ಬಿದ್ದೈತಿ, ಇಲ್ಲಾ ಗೂಟಕ್ಕ ಬಿಗಿದು ಕಟ್ಟಿ ಗಿಡಕ್ಕ ಅಳ್ಳಾಡಾಕ ಬಿಟ್ಟಿಲ್ಲ. ಗಾಳಿಗೆ ಅಳ್ಳಾಡಿದ್ರನ ಬೊಡ್ಡಿ ದಪ್ಪ ಆಗೋದು.

ಬುಡ ನೋಡೂ ಮುಂದ ಇನ್ನೊಂದು ನೋಡ್ರಿ. ಬೇರು ಶುರುವಾಗೂ ಜಾಗಾ, ಕಾಂಡ ಸ್ವಲ್ಪ ಅಗಲ ಆಗಿ ನೆಲಕ್ಕ ಇಳೀತೈತೆಲ್ಲ, ಅದು ಕಣ್ಣಿಗೆ ಕಾಣಬೇಕು. ಕಂಬಧಂಗ ನೆಟ್ಟಗ ಮಣ್ಣಾಗ ಹೋಗಿದ್ರ ಆಳಕ್ಕ ನೆಟ್ಟಾರ, ಇಲ್ಲಾ ಮ್ಯಾಲ ಮಣ್ಣು ಏರಿಸ್ಯಾರ ಅಂತ ಲೆಕ್ಕ. ಕೈಲೆ ಮಣ್ಣು ಕೆದರಿ ನೋಡ್ರಿ. 10 ಸೆಂ.ಮೀ. ಕೆಳಗ ಸಿಕ್ಕಿತಂದ್ರ ಅಷ್ಟೂ ಮಣ್ಣು ತಗದುಹಾಕ್ರಿ. ಕೆದರೂ ಮುಂದ ಕಾಂಡದ ಸುತ್ತ ಉಂಗುರಧಂಗ ಸುತ್ತಿದ ಬೇರು ಸಿಕ್ರ ಅದು ಪಾಲಿಥಿನ್ ಚೀಲದಾಗ ಸುತ್ತಿಕೊಂಡಿದ್ದ ಬೇರು. ಹೆಬ್ಬೆರಳಗಿಂತ ಸಣ್ಣದಿದ್ರ ಕತ್ತರಿಲೆ ಕಡದು ತಗೀರಿ. ದಪ್ಪ ಆಗಿದ್ರ ಒಂದ ವರ್ಷದಾಗ ಎಲ್ಲಾ ಕಡೀಬ್ಯಾಡ್ರಿ, ಎರಡು ಕಂತು ಮಾಡ್ರಿ.

ನಿಮ್ಮ ರಸ್ತೆದಾಗ ಯಾವ ಮಣ್ಣು ಅಂತ ಬರದಿಲ್ಲ, ಅದನ್ನ ಮೊದಲ ಬರೀಬೇಕಾಗಿತ್ತು. ಧಾರವಾಡದ ಕಡೆ ಮಸಾರಿ (ಕೆಂಪು ಮಣ್ಣು), ಹುಬ್ಬಳ್ಳಿ ದಾಟಿ ಕುಸುಗಲ್, ನವಲಗುಂದದ ಕಡೆ ಎರಿ (ಕರೀ ಮಣ್ಣು). ನಡುವಿನ ಬಡಾವಣೆದಾಗ ಎರಡೂ ಇರ್ತಾವ. ಇದ್ದ ಮಣ್ಣು ತಗದು ಬ್ಯಾರೆ ಕಡೆದ ಮುರಮು (ಗರಸು ಮಣ್ಣು) ತುಂಬಿದ್ರಂತೂ ಕೇಳಬ್ಯಾಡ್ರಿ. ಎರಿ ಮಣ್ಣು ಬ್ಯಾಸಿಗ್ಯಾಗ ಬಾಯಿ ಬಿಡ್ತೈತಿ, ಆ ಬಿರುಕಿನಾಗ ಸಣ್ಣ ಬೇರು ಹರೀತಾವ. ಮಳಿಗಾಲದಾಗ ಅದ ಮಣ್ಣು ನೀರು ಹಿಡಕೊಂಡು ಬೇರಿಗೆ ಉಸರಾಡಾಕ ಬಿಡೂದಿಲ್ಲ. ಅದಕ್ಕ ಎರಿ ಮಣ್ಣಾಗ ಬ್ಯಾಸಿಗ್ಯಾಗ ಪಾತಿ ತುಂಬ ಒಣ ತೊಪ್ಪಲ ಹೊದಿಸ್ರಿ, ಮೂರು-ನಾಕು ಇಂಚು ದಪ್ಪ, ಬೊಡ್ಡಿಗೆ ತಾಗಧಂಗ ಒಂದು ಗೇಣು ಬಿಟ್ಟು. ಮಿರಗ ಮಳಿ (ಜೂನ್ ಸುರು) ಕೂಡೂಕಿಂತ ಮುಂಚೆ ಪಾತಿ ಏರಿ ಒಂದು ಕಡೆ ಒಡದು ನೀರು ಹರದುಹೋಗಾಕ ಹಾದಿ ಮಾಡ್ರಿ. ಹಂಗ ಮಾಡದ ಬಿಟ್ರ ಆಗಸ್ಟ್‌ನ್ಯಾಗ ಎಲಿ ಹಳದಿ ಆಗಿ ಜೋತು ಬೀಳ್ತಾವ. ನೋಡಿದವರು ನೀರು ಕಡಿಮಿ ಆಗೈತಿ ಅಂತ ಇನ್ನೊಂದು ಕೊಡ ಹಾಕಿ ಮುಗಿಸಿಬಿಡ್ತಾರ.

ನೀರಿಂದೂ ಒಂದು ಕಾಲಂ ಇಡ್ರಿ. ಮೊದಲನೇ ಬ್ಯಾಸಿಗಿಗೆ ವಾರಕ್ಕ ಎರಡು ಸಲ 15ರಿಂದ 20 ಲೀಟರ್, ಎರಡನೇದಕ್ಕ ವಾರಕ್ಕೊಮ್ಮೆ, ಮೂರನೇದಕ್ಕ ಹದಿನೈದು ದಿನಕ್ಕೊಮ್ಮೆ ಆದ್ರ ಹೆಚ್ಚು ಕೊಡಬೇಕು. ದಿನಾ ಒಂದು ತಂಬಿಗಿ ಹಾಕೋದು ಬ್ಯಾಡ, ಬೇರು ಮ್ಯಾಲ ಉಳೀತಾವ.

ಎಲೆ-ತೊಗಟೆ

‘ಚೆನ್ನಾಗಿದೆ, ಸುಮಾರಾಗಿದೆ’ ಕಾಲಮ್ಮಿಗೆ ಬದಲಿ ಕೇಳಿದ್ದೀರಿ. ತುದಿ ಒಣಗಿದ್ದರ ಪ್ರಮಾಣ ಬರೆಯಿರಿ. ಗಿಡದ ತಲೆಯಲ್ಲಿ ಎಲೆ ಇರಬೇಕಾದ ಜಾಗ ಎಷ್ಟು, ಅದರಲ್ಲಿ ಎಲೆಯೇ ಇಲ್ಲದೆ ಒಣಗಿ ನಿಂತ ಕಡ್ಡಿ ಎಷ್ಟು ಪಾಲು, ಇದನ್ನು ಶೇಕಡಾದಲ್ಲಿ ಹೇಳುವುದು. ಒಂದೊಂದು ಶೇಕಡಾ ಲೆಕ್ಕ ಯಾರ ಕಣ್ಣಿಗೂ ಸಿಗುವುದಿಲ್ಲ, ಅದಕ್ಕೇ ಮೆಟ್ಟಿಲು: 1ಕ್ಕಿಂತ ಕಡಿಮೆ, 1–10, 11–25, 26–50, 51–75, 76–99, ಪೂರ್ತಿ ಸತ್ತದ್ದು. ನಗರ ಮರಗಳ ಗಣತಿಗೆ ಬಳಸುವ ಐ-ಟ್ರೀ ತಂತ್ರಾಂಶದಲ್ಲೂ ಇದೇ ಮೆಟ್ಟಿಲುಗಳಿವೆ. ಒಳಗೆ, ನೆರಳಲ್ಲಿ ಸತ್ತ ಕೆಳಗಿನ ಕಡ್ಡಿಗಳನ್ನು ಇದರಲ್ಲಿ ಸೇರಿಸಬೇಡಿ. ಅದು ಗಿಡ ತಾನಾಗಿ ಬಿಟ್ಟುಕೊಟ್ಟದ್ದು. ಲೆಕ್ಕಕ್ಕೆ ಬರುವುದು ಹೊರಗಿನ, ಮೇಲಿನ ತುದಿಗಳು.

ಇಬ್ಬರು ರಸ್ತೆಯ ಎರಡು ಬದಿ ನಿಂತು, ಒಬ್ಬರಿಗೊಬ್ಬರು ಹೇಳದೆ ಮೆಟ್ಟಿಲು ಬರೆದುಕೊಂಡು ಆಮೇಲೆ ಹೋಲಿಸಬೇಕು. ಎರಡು ಮೆಟ್ಟಿಲು ವ್ಯತ್ಯಾಸ ಬಂದರೆ ಮತ್ತೆ ನೋಡಬೇಕು. ಮೊದಲ ಹತ್ತು ಗಿಡಗಳಲ್ಲಿ ಜಗಳವಾಗುತ್ತದೆ, ಆಮೇಲೆ ಕಣ್ಣು ಕೂಡುತ್ತದೆ.

ಈಗ ಮುಖ್ಯ ಎಚ್ಚರಿಕೆ. ನಿಮ್ಮ ಪಟ್ಟಿಯ ಹಲವು ಗಿಡಗಳು ಹೂವಿಗೆ ಮುಂಚೆ ಬೆತ್ತಲಾಗುವ ಜಾತಿಯವು. ಟಬೆಬುಯಾ ರೋಸಿಯಾ ಜನವರಿಯಿಂದ ಮಾರ್ಚ್‌ನೊಳಗೆ ಎಲೆ ಉದುರಿಸಿ ಬರೀ ಹೂವು ಹೊತ್ತು ನಿಲ್ಲುತ್ತದೆ. ಗುಲ್‌ಮೊಹರ್ ಬೇಸಿಗೆಯ ಮೊದಲಲ್ಲಿ ಬರೀ ಕಾಯಿ ತೂಗಿಸಿಕೊಂಡಿರುತ್ತದೆ. ಕಕ್ಕೆಯೂ ಏಪ್ರಿಲ್-ಮೇನಲ್ಲಿ ಹಾಗೆಯೇ. ಏಪ್ರಿಲ್‌ನಲ್ಲಿ ನೋಡಿ ‘ಅರ್ಧ ಒಣಗಿದೆ’ ಎಂದು ಬರೆದಿದ್ದರೆ ಆ ಬರಹವನ್ನು ಈಗಲೇ ಹೊಡೆದುಹಾಕಿ. ತುದಿ ಒಣಗಿದ್ದನ್ನು ನೋಡಲು ತಕ್ಕ ಕಾಲ ಹುಬ್ಬಿ ಮಳೆ, ಉತ್ತರಿ ಮಳೆಯ ಸುಮಾರು, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್. ಆಗ ಎಲ್ಲ ಜಾತಿಯೂ ಎಲೆ ತುಂಬಿರುತ್ತದೆ. ಟೇಪಿನ ಕಾಲವೂ ಅದೇ ಆದ್ದರಿಂದ ಒಂದೇ ಸುತ್ತಿನಲ್ಲಿ ಎರಡೂ ಮುಗಿಯುತ್ತವೆ.

ಬೇಸಿಗೆಯಲ್ಲಿ ಅನುಮಾನ ಬಂದರೆ ಉಗುರು ಸಾಕು. ಪೆನ್ಸಿಲ್ ದಪ್ಪದ ಕಡ್ಡಿಯ ತೊಗಟೆಯನ್ನು ತುಸು ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಂದು, ಒಣ ಇದ್ದರೆ ಗೇಣುದ್ದ ಹಿಂದೆ ಬಂದು ಮತ್ತೆ ಕೆರೆಯಿರಿ. ಹಸಿರು ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ಸತ್ತಿದೆ.

ಎಲೆಯ ಬಣ್ಣ ಬರೆಯುವಾಗ ‘ಹಳದಿ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಯಾವ ಎಲೆ ಎಂದು ಬರೆಯಿರಿ. ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶವಿರುವ ಎರೆ ಮಣ್ಣಿನಲ್ಲಿ, ಕಟ್ಟಡದ ಸಿಮೆಂಟು ಪುಡಿ ಬಿದ್ದ ಗುಣಿಯಲ್ಲಿ ಇದು ಸಾಮಾನ್ಯ. ಕಬ್ಬಿಣ ಮಣ್ಣಲ್ಲಿರುತ್ತದೆ, ಕ್ಷಾರದಿಂದಾಗಿ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹೊಸ ಎಲೆ ಹಸಿರಾಗುತ್ತದೆ. ಹಳೆಯ, ಕೆಳಗಿನ ಎಲೆ ಪೂರಾ ಮಂಕಾಗಿ ಹಳದಿಯಾದರೆ ಸಾರಜನಕದ ಕೊರತೆ, ಒಂದು ಬುಟ್ಟಿ ಕಳಿತ ತಿಪ್ಪೆಗೊಬ್ಬರ ಹಾಕಿ. ಎರಡೂ ಒಟ್ಟಿಗೆ ಹಳದಿಯಾಗಿ ಉದುರುತ್ತಿದ್ದರೆ ಮೇಲಿನವರು ಹೇಳಿದ ನಿಂತ ನೀರನ್ನು ಹುಡುಕಿ.

ನವನಗರ ಸಾಲುಗಿಡ

ಬಹಳ ಉಪಕಾರವಾಯಿತು. ಏಪ್ರಿಲ್‌ನಲ್ಲಿ ನಾಲ್ಕು ಕಕ್ಕೆಗೆ ‘ಸತ್ತಿದೆ’ ಎಂದೇ ಬರೆದಿದೆ! ನಾಳೆ ಉಗುರಿನಿಂದ ಕೆರೆದು ನೋಡುತ್ತೇವೆ. ಮಣ್ಣು ಎರಡು ರಸ್ತೆಯಲ್ಲಿ ಎರಿ, ಎರಡರಲ್ಲಿ ಮುರಮು.

ಇನ್ನೂ ಮೂರು ಸಂಶಯ. ಹೊಂಗೆಯ ಎಲೆಗಳ ಮೇಲೆ ಬೆರಳಿನಂಥ ಗಂಟುಗಳು ತುಂಬಿವೆ, ಔಷಧ ಹೊಡೆಯಬೇಕೆ? ಎರಡು ಗುಲ್‌ಮೊಹರ್‌ಗಳ ಕಾಂಡದ ಮೇಲೆ ಕಂದು ಪುಡಿ, ಜಾಳು ಕಾಣುತ್ತಿದೆ. ಇನ್ನೊಂದು ಗುಲ್‌ಮೊಹರ್ ರಸ್ತೆಯತ್ತ ವಾಲಿದೆ. ಅದು ಮೊದಲೇ ಹಾಗಿತ್ತೋ, ಈಗ ವಾಲಿತೋ ಎಂಬ ಬಗ್ಗೆ ಮನೆಗೊಂದು ಮಾತು.

ಎಲೆ-ತೊಗಟೆ

ಹೊಂಗೆಯ ಗಂಟು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ನೋಡಲು ಅಸಹ್ಯ, ಗಿಡಕ್ಕೆ ಅಪಾಯವಿಲ್ಲ. ನುಸಿ ಗಂಟಿನೊಳಗೇ ಕೂತಿರುವುದರಿಂದ ಹೊರಗೆ ಹೊಡೆದ ಔಷಧ ಅದಕ್ಕೆ ತಾಗುವುದೂ ಇಲ್ಲ. ಮನೆ ಮುಂದಿನ ರಸ್ತೆಯಲ್ಲಿ ವಿಷ ಹಾರಿಸಿದ್ದಷ್ಟೇ ಲಾಭ. ‘ಗಂಟು ಇದೆ’ ಎಂದು ಬರೆದು ಮುಂದೆ ಹೋಗಿ. ಕಕ್ಕೆಯ ಎಲೆಯನ್ನು ಹಸಿರು ಹುಳುಗಳು ಪೂರಾ ಮೇಯ್ದದ್ದು ಕಂಡರೂ ಹಾಗೆಯೇ. ಅವು ತಿಳಿಹಳದಿ ಚಿಟ್ಟೆಯ ಮರಿಗಳು, ಗಿಡ ಮತ್ತೆ ಚಿಗುರುತ್ತದೆ.

ಗುಲ್‌ಮೊಹರ್‌ನ ಜಾಳು ಬೇರೆ ಸಂಗತಿ. ಅದು ತೊಗಟೆ ತಿನ್ನುವ ಹುಳು. ಕವಲಿನ ಸಂದಿಯಲ್ಲಿ ತೂತು ಕೊರೆದು ಹಗಲೆಲ್ಲ ಒಳಗಿದ್ದು, ರಾತ್ರಿ ತನ್ನ ಹಿಕ್ಕೆ ಮತ್ತು ರೇಷ್ಮೆಯಿಂದ ನೇಯ್ದ ಜಾಳಿನ ಕೆಳಗೆ ಓಡಾಡಿ ತೊಗಟೆ ತಿನ್ನುತ್ತದೆ. ಜಾಳನ್ನು ತೆಂಗಿನ ನಾರಿನ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ತೂತು ಕಾಣುತ್ತದೆ. ತೂತಿಗೆ ತಂತಿ ತೂರಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಹಸಿಮಣ್ಣಿನಿಂದ ಬಾಯಿ ಮುಚ್ಚಿ. ವಾರ ಬಿಟ್ಟು ನೋಡಿ. ಹೊಸ ಪುಡಿ ಬಿದ್ದಿದ್ದರೆ ಇನ್ನೊಂದು ತೂತು ಉಳಿದಿದೆ ಎಂದರ್ಥ. ಎಷ್ಟು ತೂತು ಮುಚ್ಚಿದಿರಿ ಎಂಬ ಅಂಕಿಯನ್ನು ವಹಿಯಲ್ಲಿ ಹಾಕಿದರೆ ಮುಂದಿನ ವರ್ಷ ಹೋಲಿಸಲು ಬರುತ್ತದೆ.

ಹೊಂಗೆಯಲ್ಲಿ ಬಂದಳಿಕೆ ಇದೆಯೇ ಎಂದೂ ನೋಡಿ. ಗಿಡದ ಎಲೆಗಿಂತ ಬೇರೆ ಬಗೆಯ ದಪ್ಪ ಎಲೆಯ ಪೊದೆ ಟೊಂಗೆಯ ಮೇಲೆ ಕೂತಿರುತ್ತದೆ. ಬರೀ ಅದರ ಎಲೆ ಕಿತ್ತರೆ ಮತ್ತೆ ಬರುತ್ತದೆ, ಏಕೆಂದರೆ ಅದರ ಬೇರು ಟೊಂಗೆಯೊಳಗೆ ಇಳಿದಿರುತ್ತದೆ. ಅಂಟಿದ ಜಾಗದಿಂದ ಒಂದಡಿ ಹಿಂದಕ್ಕೆ ಟೊಂಗೆಯನ್ನೇ ಕೊಯ್ಯಬೇಕು, ಅದೂ ಹಣ್ಣಾಗುವ ಮುಂಚೆ. ಹಣ್ಣು ತಿಂದ ಹಕ್ಕಿ ಮುಂದಿನ ಗಿಡಕ್ಕೆ ಬೀಜ ಒರೆಸಿ ಹೋಗುತ್ತದೆ.

ಗದಗಿನ ಗಾಳಿ

ವಾಲಿದ ಗುಲ್‌ಮೊಹರ್ ಬಗ್ಗೆ ನಾನು ಹೇಳುತ್ತೇನೆ, ಗಾಳಿಯ ಊರಿನವರಿಗೆ ಅದು ಮೊದಲ ಚಿಂತೆ.

ಹಳೆಯ ವಾಲಾಟ ಮತ್ತು ಹೊಸ ವಾಲಾಟವನ್ನು ತುದಿ ನೋಡಿ ಹೇಳಬಹುದು. ಎಷ್ಟೋ ವರ್ಷದಿಂದ ವಾಲಿದ ಗಿಡ ಬುಡದಲ್ಲಿ ಓರೆಯಿದ್ದರೂ ಮೇಲೆ ಹೋದಂತೆ ಬಿಲ್ಲಿನ ಹಾಗೆ ಬಾಗಿ ನೆಟ್ಟಗಾಗಿರುತ್ತದೆ. ಬುಡದಿಂದ ತುದಿಯವರೆಗೆ ಒಂದೇ ಕೋಲಿನಂತೆ ಓರೆಯಿದ್ದರೆ ಇತ್ತೀಚೆಗೆ ವಾಲಿದೆ. ಹಾಗಿದ್ದರೆ ವಾಲಿದ ದಿಕ್ಕಿನ ಹಿಂಬದಿ ನೆಲ ನೋಡಿ. ಮಣ್ಣು ಉಬ್ಬಿದೆಯೇ, ಬಿಲ್ಲಾಕಾರದ ಬಿರುಕು ಬಿಟ್ಟಿದೆಯೇ, ಪೇವರ್ ಎದ್ದಿದೆಯೇ? ಎರಿ ಮಣ್ಣಿನಲ್ಲಿ ಬೇಸಿಗೆಯ ಬಿರುಕು ಎಲ್ಲ ಕಡೆ ಇರುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಒಂದೇ ಬದಿಗೆ, ಕಾಂಡವನ್ನು ಕೇಂದ್ರ ಮಾಡಿಕೊಂಡು ಬಿಲ್ಲಿನಂತೆ ಇದ್ದರೆ ಬೇರು ಏಳುತ್ತಿದೆ. ಆಗ ಮುಂದಿನ ಭಾನುವಾರದವರೆಗೆ ಕಾಯಬೇಡಿ, ಅಂದೇ ಕೆಳಗೆ ಗಾಡಿ ನಿಲ್ಲಿಸುವುದನ್ನು ತಪ್ಪಿಸಿ ಪಾಲಿಕೆಗೆ ಬರೆದುಕೊಡಿ.

ಮಾತಿನ ಜಗಳ ತೀರಿಸಲು ಗೌಂಡಿಯವರ ತೂಗುಗುಂಡು ತನ್ನಿ. 137ರ ಗೆರೆಯಲ್ಲಿ, ವಾಲಿದ ಬದಿಗೆ ದಾರ ಹಿಡಿದು ಗುಂಡು ಇಳಿಬಿಡಿ. ಕೆಳಗೆ ಗುಂಡಿಗೂ ಕಾಂಡಕ್ಕೂ ಎಷ್ಟು ಅಂತರ ಇದೆಯೆಂದು ಅಳೆದು ಬರೆಯಿರಿ. 12 ಸೆಂ.ಮೀ. ಬಂದರೆ ಸುಮಾರು 5 ಡಿಗ್ರಿ. ಡಿಗ್ರಿಗಿಂತ ಮುಖ್ಯವಾದದ್ದು ಮುಂದಿನ ಓದು. ಮೇ ತಿಂಗಳ ಅಡ್ಡಮಳೆಗೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಅಳೆಯಿರಿ. 12 ಇದ್ದದ್ದು 12 ಆಗಿಯೇ ಉಳಿದರೆ ಬಿಡಿ. 15 ಆದರೆ ಬೇರು ಸಡಿಲವಾಗುತ್ತಿದೆ.

ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಗಿಡ. ಹೂವಿಗೆ ಸರಿ, ರಸ್ತೆಗೆ ಅದರ ಟೊಂಗೆ ಪೆಡಸು, ಬೇರು ಮೇಲ್ಮೇಲೆ. ಅದಕ್ಕೆ ಆ ಎಂಟೂ ಗಿಡಗಳ ಬುಡವನ್ನು ಸುತ್ತ ತಿರುಗಿ ನೋಡಿ. ನೆಲ ಕಾಂಡ ಕೂಡುವ ಜಾಗದಲ್ಲಿ ಕೆಂಪು-ಕಂದು ಬಣ್ಣದ, ಮೆರುಗು ಎಣ್ಣೆ ಹಚ್ಚಿದ ಹಾಗೆ ಹೊಳೆಯುವ, ಮುಟ್ಟಿದರೆ ಕಟ್ಟಿಗೆಯಂಥ ಅಣಬೆ ಎದ್ದಿದ್ದರೆ ಅದು ಗ್ಯಾನೊಡರ್ಮಾ. ಹೊರಗೆ ಅಣಬೆ ಕಾಣುವ ಹೊತ್ತಿಗೆ ಒಳಗೆ ಬೇರು ಬಹಳಷ್ಟು ಕೊಳೆತಿರುತ್ತದೆ. ತಲೆ ಹಸಿರಾಗಿಯೇ ಇದ್ದು ಗಾಳಿಗೆ ಬುಡಸಮೇತ ಬೀಳುವ ಗಿಡಗಳು ಇವೇ. ಅಣಬೆ ಕಿತ್ತು ಸುಣ್ಣ ಬಳಿದರೆ ರೋಗ ಹೋಗುವುದಿಲ್ಲ, ಗುರುತು ಹೋಗುತ್ತದೆ ಅಷ್ಟೆ. ಫೋಟೋ ತೆಗೆದು, ಗಿಡದ ಸಂಖ್ಯೆಯೊಂದಿಗೆ ವೃಕ್ಷ ಅಧಿಕಾರಿಗೆ ಕೊಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಗಿಡ ಕಡಿಯಲು ಅವರ ಅನುಮತಿ ಬೇಕು, ಬಡಾವಣೆಯವರು ತಾವೇ ಕಡಿಸುವಂತಿಲ್ಲ. ಮೂರು ವರ್ಷದ ಅಳತೆ, ಫೋಟೋ ಕೈಯಲ್ಲಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಪೊಳ್ಳು ಇದೆಯೇ ತಿಳಿಯಲು ಮರದ ಕೊಡತಿಯಿಂದ ಕಾಂಡದ ಸುತ್ತ ಗೇಣಿಗೊಂದು ಪೆಟ್ಟಿನಂತೆ ತಟ್ಟುತ್ತ ಬನ್ನಿ. ಗಟ್ಟಿ ಕಟ್ಟಿಗೆ ಚುರುಕಾಗಿ ಸದ್ದು ಮಾಡುತ್ತದೆ, ಪೊಳ್ಳು ಡೊಳ್ಳಿನಂತೆ. ತೊಗಟೆ ಎದ್ದಿದ್ದರೂ ಪೊಳ್ಳು ಸದ್ದು ಬರುತ್ತದೆ, ಒತ್ತಿ ನೋಡಿ ಬೇರ್ಪಡಿಸಿ. ಪೊಳ್ಳಿದ್ದ ಮಾತ್ರಕ್ಕೆ ಗಿಡ ಬೀಳುವುದಿಲ್ಲ. ಸುತ್ತಲೂ ಗಟ್ಟಿಯಾಗಿ ಉಳಿದ ಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ತೆಳುವಾದರೆ ಚಿಂತೆ ಮಾಡಬೇಕು ಎಂಬುದು ಬಳಕೆಯಲ್ಲಿರುವ ಅಂದಾಜು. ಒಂದು ಬದಿ ಬಾಯಿ ಬಿಟ್ಟ ಪೊಳ್ಳಿಗೆ ಈ ಲೆಕ್ಕವೂ ಸಾಲದು.

ಮಸಾರಿ-ಎರಿ

ಸುಣ್ಣ ಅಂದಿದ್ದಕ್ಕ ನೆನಪಾತು. ಗಿಡಕ್ಕ ಸುಣ್ಣ-ಕಾವಿ ಪಟ್ಟಿ ಬಳಿಯೋರು ಬಂದ್ರ ನಿಮ್ಮ ಗೆರಿ ಅಳಿಸಿ ಹೋಗ್ತೈತಿ, ಬಿರುಕು, ತೂತು ಎಲ್ಲಾ ಮುಚ್ಚಿ ಹೋಗ್ತಾವ. ಬಳಿಯೂಕಿಂತ ಮುಂಚೆ ಒಂದು ಫೋಟೋ ತಗದಿಡ್ರಿ, ಆದಮ್ಯಾಲ ಹಳೇ ಫೋಟೋ ನೋಡಿ ಗೆರಿ ತಿರಗಿ ಎಳೀರಿ. ಗೆರಿ ಹತ್ರ ಒಂದು ಗಂಟೋ, ಹಳೇ ಕಡದ ಗಾಯೋ ಫೋಟೋದಾಗ ಬಂದಿರಬೇಕು, ಇಲ್ಲಂದ್ರ ಜಾಗಾ ಸಿಗೂದಿಲ್ಲ.

ಗಿಡದ ಸುತ್ತ ಕಾವಲಿಗೆ ಹಾಕಿದ ಕಬ್ಬಿಣದ ಜಾಳಗಿ ಇದ್ರ ಅದಕ್ಕೊಂದು ಕಾಲಂ ಬೇಕ ಬೇಕು. ಕಾಂಡಕ್ಕೂ ಜಾಳಗಿಗೂ ನಡುವ ಎಷ್ಟು ಬೆರಳು ಜಾಗಾ ಐತಿ ಅಂತ ಬರೀರಿ. ಎರಡು ಬೆರಳಿಗೆ ಬಂತಂದ್ರ ಆ ವರ್ಷನ ಬಿಚ್ಚಬೇಕು. ಬಿಡ್ರಿ ಮುಂದಿನ ವರ್ಷ ನೋಡೂಣು ಅಂದ್ರ ಕಬ್ಬಿಣ ತೊಗಟ್ಯಾಗ ಹೂತು ಕುಂದ್ರತೈತಿ, ಆಮ್ಯಾಲ ಗರಗಸಲೆ ಕೊಯ್ದು ಎಷ್ಟು ಬರ್ತೈತೋ ಅಷ್ಟ ತಗೀಬೇಕಾಗ್ತೈತಿ. ಗೂಟಕ್ಕ ಕಟ್ಟಿದ ನೈಲಾನ್ ಹಗ್ಗ, ಕೇಬಲ್ ವಾಯರ್, ದೀಪದ ಸರ ಎಲ್ಲಾ ಅದ ಕೆಲಸ ಮಾಡ್ತಾವ. ಕಟ್ಟಬೇಕಂದ್ರ ಹಳೇ ಸೈಕಲ್ ಟ್ಯೂಬು ಎಂಟರ ಆಕಾರದಾಗ ಸಡಲ ಕಟ್ರಿ, ವರ್ಷ ಆದಮ್ಯಾಲ ಬಿಚ್ರಿ.

ಸಿಮೆಂಟು ಬೊಡ್ಡಿಗೆ ತಾಗಿದ್ದೂ ಬರೀರಿ. ದೆಹಲಿಯೊಳಗ 2013ರಾಗ ಹಸಿರು ನ್ಯಾಯಮಂಡಳಿ ಗಿಡದ ಸುತ್ತ ಒಂದು ಮೀಟರ್ ಕಾಂಕ್ರೀಟು ತಗೀರಿ ಅಂತ ಹೇಳಿತ್ತು. ನಮ್ಮ ಗಿಡಕ್ಕೂ ಅಷ್ಟ ಜಾಗಾ ಬೇಕು, ಅದರ ಬೇರೇನು ಬ್ಯಾರೆ ಅಲ್ಲ.

ಕಾಮನ ಸುಡೂ ಜಾಗಾ, ಕಸ ಸುಡೂ ಜಾಗಾ ಗಿಡದ ಹತ್ರ ಇದ್ರ ಬೆಂಕಿ ಹತ್ತಿದ ಬದಿ ಯಾವುದು ಅಂತ ಬರದಿಟ್ಟು, ಎರಡು ತಿಂಗಳಾದಮ್ಯಾಲ ಆ ಬದಿ ತೊಗಟಿ ಕೆರದು ನೋಡ್ರಿ. ಅವತ್ತ ನೋಡಿದ್ರ ಏನೂ ಆಗಿಲ್ಲ ಅನ್ನಸ್ತೈತಿ. ಸತ್ತ ತೊಗಟಿ ಬಿಟ್ಟು ಬರೂದು ಆಮ್ಯಾಲ.

ಟೇಪು-ಗೆರೆ

ವಹಿಯ ಬಗ್ಗೆ ಯಾರೂ ಹೇಳಲಿಲ್ಲ. ಕೆಡುವುದು ಹೆಚ್ಚಾಗಿ ಅಲ್ಲೇ.

ಮೊಬೈಲಿನ ಜಿಪಿಎಸ್ ಎಲೆಯ ಕೆಳಗೆ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ನಿಮ್ಮ ಗಿಡಗಳು ಮೂರು-ನಾಲ್ಕು ಮೀಟರಿಗೊಂದು ಇದ್ದರೆ 14 ಮತ್ತು 15 ಅದಲುಬದಲಾಗುತ್ತವೆ. ಅದಕ್ಕೆ ‘ಎರಡನೇ ಅಡ್ಡರಸ್ತೆ, ಪೂರ್ವ ಬದಿ, ಇಂಥ ಸಂಖ್ಯೆಯ ಲೈಟ್ ಕಂಬದಿಂದ ಉತ್ತರಕ್ಕೆ 6.2 ಮೀಟರ್’ ಎಂದು ಬರೆಯಿರಿ. ಗಿಡದ ಸಂಖ್ಯೆಯನ್ನು ರಸ್ತೆಬದಿಯ ಕಲ್ಲಿನ ಮೇಲೆ ಬರೆಯಿರಿ. ಎಳೆ ಗಿಡಕ್ಕೆ ತಂತಿಯಲ್ಲಿ ಬಿಲ್ಲೆ ಕಟ್ಟಿದರೆ ಆ ತಂತಿಯೇ ಉರುಳಾಗುತ್ತದೆ.

ಫೋಟೋ ಕೂಡ ಪ್ರತಿ ವರ್ಷ ಅದೇ ಜಾಗದಿಂದ. ಎದುರು ಬದಿಯ ಯಾವ ಗೇಟಿನ ಮುಂದೆ ನಿಂತಿರಿ ಎಂದು ಬರೆದಿಡಿ. ಚಿತ್ರದಲ್ಲಿ 137ರ ಪೈಪು ಕಾಂಡಕ್ಕೆ ಒರಗಿರಲಿ, ಅದೇ ಅಳತೆಗೋಲಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ತಲೆಯೆಲ್ಲ ಕಪ್ಪಾಗಿ ಬರುತ್ತದೆ, ಬೆಳಗ್ಗೆ ಸೂರ್ಯನಿಗೆ ಬೆನ್ನು ಹಾಕಿ ತೆಗೆಯಿರಿ.

ಅಂಕಿ ಓದುವ ಬಗೆ ಹೀಗೆ. ಟಬೆಬುಯಾ ವರ್ಷಕ್ಕೆ ಎಷ್ಟು ಬೆಳೆಯಬೇಕು ಎಂದು ಪುಸ್ತಕದಲ್ಲಿ ಹುಡುಕಬೇಡಿ. ನಿಮ್ಮ ಮಣ್ಣು, ನಿಮ್ಮ ನೀರು ಆ ಪುಸ್ತಕದಲ್ಲಿಲ್ಲ. ಒಂದೇ ರಸ್ತೆಯ ಒಂದೇ ಜಾತಿಯ ಗಿಡಗಳ ವರ್ಷದ ಹೆಚ್ಚಳವನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು, ಸರಿಯಾಗಿ ನಡುವೆ ಬರುವ ಅಂಕಿ ಹಿಡಿಯಿರಿ. ಸರಾಸರಿ ಬೇಡ, ಒಂದು ತಪ್ಪು ಅಳತೆ ಸರಾಸರಿಯನ್ನೇ ಎಳೆದೊಯ್ಯುತ್ತದೆ. ನಡುವಿನ ಅಂಕಿ 3 ಸೆಂ.ಮೀ. ಎನ್ನಿ, 1.5ಕ್ಕಿಂತ ಕಡಿಮೆ ಬೆಳೆದ ಗಿಡಗಳ ಬುಡ ಕೆದರಿ ನೋಡಿ. ಇಡೀ ರಸ್ತೆಯೇ ನಿಂತುಹೋಗಿದ್ದರೆ ಒಂದೊಂದು ಗಿಡದ ರೋಗ ಹುಡುಕುವ ಬದಲು ನೀರು, ಮಣ್ಣು, ಹೊಸದಾಗಿ ಅಗೆದ ಪೈಪ್‌ಲೈನ್ ನೋಡಿ. ಅಗೆದು ಬೇರು ಕತ್ತರಿಸಿದ್ದರ ಪರಿಣಾಮ ಎಷ್ಟೋ ಸಲ ಮರುವರ್ಷದ ಅಂಕಿಯಲ್ಲಿ ಕಾಣುತ್ತದೆ. ಅದಕ್ಕೆ ಅಗೆದ ತಾರೀಖು, ಗಿಡದಿಂದ ಎಷ್ಟು ದೂರ, ಎಷ್ಟು ಆಳ ಎಂಬುದನ್ನು ಅಗೆಯುವ ದಿನವೇ ಬರೆದಿಡಿ.

ಸಂಶಯದ ಅಂಕಿ ಬಂದರೆ ಹಳೆಯದನ್ನು ಅಳಿಸಬೇಡಿ. ಪಕ್ಕದಲ್ಲಿ ಹೊಸದು, ಅಳೆದವರ ಹೆಸರಿನ ಮೊದಲಕ್ಷರ, ತಾರೀಖು. ಏಪ್ರಿಲ್‌ನ 19 ಗಿಡಗಳ ಅಂಕಿಗಳೂ ಹಾಗೆಯೇ ಇರಲಿ, ಮುಂದೆ ‘ಬೇಸಿಗೆ, ಗೆರೆ ಇಲ್ಲದೆ’ ಎಂದು ಬರೆಯಿರಿ.

ನವನಗರ ಸಾಲುಗಿಡ

ನಾಲ್ಕು ಕಕ್ಕೆಗಳಲ್ಲಿ ಮೂರರ ಕಡ್ಡಿ ಒಳಗೆ ಹಸಿರಾಗಿದೆ. ನಾಲ್ಕನೆಯದು ಬುಡದವರೆಗೂ ಒಣಗಿದೆ. ಕೆದರಿದರೆ ಬೇರು ಉಂಗುರದಂತೆ ಸುತ್ತಿಕೊಂಡಿತ್ತು. ಅದರ ಸಂಖ್ಯೆ 41. ಮಳೆಗಾಲದಲ್ಲಿ ಅಲ್ಲಿ ಹೊಸ ಸಸಿ ನೆಟ್ಟರೆ ಅದಕ್ಕೂ 41 ಎಂದೇ ಬರೆಯಬಹುದೇ?

ಟೇಪು-ಗೆರೆ

ಬೇಡ. 41ರ ಮುಂದೆ ಸತ್ತ ತಿಂಗಳು ಮತ್ತು ‘ಬೇರು ಸುತ್ತು’ ಎಂದು ಬರೆದು ಆ ಸಾಲು ಮುಚ್ಚಿ. ಹೊಸ ಸಸಿ 87. ಅದೇ ಸಂಖ್ಯೆ ಕೊಟ್ಟರೆ ಎರಡು ವರ್ಷದ ನಂತರ ಯಾರೋ ವಹಿ ತೆರೆದು 22 ಸೆಂ.ಮೀ. ಇದ್ದ ಕಕ್ಕೆ 4 ಸೆಂ.ಮೀ. ಆಗಿದೆ ಎಂದು ಇಲ್ಲಿ ಬಂದು ಕೇಳುತ್ತಾರೆ.

ಮಸಾರಿ-ಎರಿ

ಮತ್ತ 87 ನೆಡೂ ಮುಂದ ಚೀಲ ಹರದು ಬೇರು ನೋಡ್ರಿ ಅಕ್ಕಾರ. ತಳದಾಗ ಸುತ್ತಿದ್ದ ಬೇರು ಬ್ಲೇಡಿಲೆ ಕೊಯ್ದು, ಬದಿಗೆ ನಾಕು ಕಡೆ ಉದ್ದಕ ಗೀರಿ, ಆಮ್ಯಾಲ ಇಡ್ರಿ.